ಗುಂಡ್ಲುಪೇಟೆಯ ಸರ್ವರ್

ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ನಾಜ್ನೀನ್ ಮೂರು ಸಲ ಚೀಲ ತೆರೆದು ಮುಚ್ಚಿದ್ದಳು. ಸ್ಕ್ರೂಡ್ರೈವರ್ ಇತ್ತು, ಪರೀಕ್ಷೆಯ ಸೀಡಿ ಇತ್ತು. ಆದರೂ ಏನೋ ಬಿಟ್ಟುಬಂದೆನೆಂದು ಕೈ ಮತ್ತೆ ಮತ್ತೆ ಜಿಪ್ಪಿಗೇ ಹೋಗುತ್ತಿತ್ತು.

ಹಳೆಯ ಜನನ ಮರಣದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಖಾಸಗಿ ಸಂಸ್ಥೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಚಾಮರಾಜನಗರದಲ್ಲೊಂದು ಆಫೀಸು, ಗುಂಡ್ಲುಪೇಟೆಯಲ್ಲೊಂದು. ಎರಡರಲ್ಲೂ ಒಂದೇ ಮಾದರಿಯ, ಎರಡು ಪ್ರೊಸೆಸರಿನ ಸರ್ವರ್. ನಗರದ್ದು ತೆಪ್ಪಗಿತ್ತು. ಗುಂಡ್ಲುಪೇಟೆಯದ್ದು ಎಂಟು ದಿನದಿಂದ ಹಠಾತ್ತನೆ ನಿಲ್ಲುತ್ತಿತ್ತು. ಪರದೆ ನೀಲಿಯಾಗಿ, ಮೆಮರಿ ದೋಷವೆಂದು ನಾಲ್ಕು ಸಾಲು ಬಂದರೆ ಮುಗಿಯಿತು, ಹನ್ನೆರಡು ಹುಡುಗಿಯರು ಟೈಪು ಮಾಡಿದ್ದೆಲ್ಲ ಮಣ್ಣುಪಾಲು.

ಅಲ್ಲಿ ಸರ್ವರಿನ ಹೊಣೆ ಹಂಗಳದ ಸಿಂಧುವಿನದು. ಅವಳು ಮೊಬೈಲ್ ಚಾರ್ಜಿಗೆ ಹಾಕಲು ಯುಪಿಎಸ್ ಸ್ವಿಚ್ಚು ಮುಟ್ಟುತ್ತಾಳೆ, ಅದಕ್ಕೇ ಹೀಗಾಗುತ್ತಿದೆ ಎಂದು ಮ್ಯಾನೇಜರ್ ನೀಲಕಂಠಸ್ವಾಮಿ ತೀರ್ಮಾನಿಸಿಬಿಟ್ಟಿದ್ದರು. ಬೇರೆ ಕಾರಣ ಸಿಗದಿದ್ದರೆ ಸೋಮವಾರದಿಂದ ಅವಳು ಬರುವುದೇ ಬೇಡ ಎಂದಿದ್ದರು. ನಿನಗೇನನಿಸುತ್ತದೆ ಎಂದು ಕೇಳಿದಾಗ ನಾಜ್ನೀನ್, ಇದ್ದರೂ ಇರಬಹುದು ಸಾರ್, ಎಂದಿದ್ದಳು. ಸಿಂಧುವಿನ ಕಿವಿಗೂ ಮುಟ್ಟಿದ್ದ ಆ ಮಾತು ಈಗ ನಾಜ್ನೀನಳ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಗಿತ್ತು.

ಗುಂಡ್ಲುಪೇಟೆಯ ಆಫೀಸು ಮುಟ್ಟಿದಾಗ ಸಿಂಧು ಒಂದು ಲೋಟ ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ನಾಜ್ನೀನ್ ಮೊದಲು ಯುಪಿಎಸ್ ನೋಡಿದಳು, ಸರಿಯಿತ್ತು. ಫ್ಯಾನಿನ ಧೂಳು ಊದಿದಳು. ಹದಿನೈದು ದಿನದ ಹಿಂದೆ ತಾನೇ ಹಾಕಿಸಿದ್ದ ಎರಡು ರ‍್ಯಾಮ್ ಎಂಬ ಮೆಮರಿ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದಳು. ಎರಡೂ ಪಾಸು. ಇಷ್ಟರಲ್ಲಿ ಹನ್ನೆರಡಾಯಿತು. ಎರಡನ್ನೂ ಒಟ್ಟಿಗೆ ಹಾಕಿ ಹುಡುಗಿಯರನ್ನು ಕೂರಿಸಿದಳು. ಹತ್ತೇ ನಿಮಿಷ, ಪರದೆ ನೀಲಿಯಾಯಿತು.

“ನಾನಿಲ್ಲೇ ನಿಂತಿದೀನಿ, ನೋಡ್ಕಳಿ ಅಕ್ಕ,” ಎಂದಳು ಸಿಂಧು. “ನನ್ ಕೈ ಎಲ್ಲೈತೆ ಅಂತ.”

ನಾಜ್ನೀನ್ ಒಂದು ಪ್ರೊಸೆಸರನ್ನು ನಿಲ್ಲಿಸಿ ಯಂತ್ರ ಹಚ್ಚಿದಳು. ಎತ್ತಿನಗಾಡಿಯ ಹಾಗೆ ನಡೆಯಿತು, ಆದರೆ ಮೂರು ಗಂಟೆಯಾದರೂ ಬೀಳಲಿಲ್ಲ. ಅಂದರೆ ಎರಡು ಪ್ರೊಸೆಸರುಗಳೂ ಒಟ್ಟಿಗೆ ಮೆಮರಿಗೆ ಕೈಚಾಚಿದಾಗಲೇ ಎಡವಟ್ಟು. ಅವಳು ಮುಚ್ಚಳ ತೆಗೆದು ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದಕ್ಕೆ ಒಂದೇ ಮಗ್ಗುಲಲ್ಲಿ ಚಿಪ್‌ಗಳು. ಇನ್ನೊಂದಕ್ಕೆ ಎರಡೂ ಕಡೆ. ಕಂಪನಿಯ ಹೆಸರೂ ಬೇರೆ.

ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

ಅತ್ತೆ ನಜೀಮಾ ಹಬ್ಬಕ್ಕೆ ಎರಡು ಬಗೆಯ ಬಟ್ಟೆ ತಂದರೆ ಎರಡನ್ನೂ ನಡುವೆ ಕತ್ತರಿಸಿ ಇಬ್ಬರು ಸೊಸೆಯರಿಗೂ ಒಂದೊಂದು ತುಂಡು ಕೊಡುವವರು. ಒಳ್ಳೆಯದು ಅವಳಿಗೆ ಹೋಯಿತು ಎಂದು ವಾರಗಿತ್ತಿಯರು ಮುಖ ಊದಿಸಬಾರದು. ಹದಿನೈದು ದಿನದ ಹಿಂದೆ ಎರಡು ಜೋಡಿ ರ‍್ಯಾಮ್ ಬಂದಾಗ ನಾಜ್ನೀನಳ ಕೈ ಮಾಡಿದ್ದೂ ಅದನ್ನೇ. ಒಂದು ಜೋಡಿ ಹೆಸರಾಂತ ಕಂಪನಿಯದು. ಅದನ್ನು ನಗರದಲ್ಲೇ ಇಟ್ಟುಕೊಂಡರೆ ಗುಂಡ್ಲುಪೇಟೆಯವರು ಆಡಿಕೊಳ್ಳುತ್ತಾರೆಂದು ಎರಡೂ ಪೊಟ್ಟಣ ಹರಿದು ಪ್ರತಿ ಜೋಡಿಯಿಂದ ಇಲ್ಲಿಗೊಂದು ಅಲ್ಲಿಗೊಂದು ಹಂಚಿದ್ದಳು. ಈ ಸರ್ವರಿಗೆ ಒಂದೇ ಬಗೆಯ ಜೋಡಿಯೇ ಬೇಕೆಂದು ಪುಸ್ತಕದಲ್ಲಿ ಓದಿದ್ದು ಆಗ ಹೊಳೆಯಲಿಲ್ಲ. ನಗರದಲ್ಲಿ ಟೈಪು ಮಾಡುವವರು ಮೂವರೇ. ಭಾರ ಬೀಳದೆ ಅಲ್ಲಿ ತಪ್ಪು ಮುಚ್ಚಿಹೋಗಿತ್ತು. ಇಲ್ಲೂ ಎಂಟು ದಿನದ ಹಿಂದೆ ಹನ್ನೆರಡೂ ಹುಡುಗಿಯರು ಕೂರುವ ತನಕ ಹಾಗೇ ಇತ್ತು.

ನಾಳೆ ಬರುವಾಗ ಸರಿಜೋಡಿ ತಂದು ಹಾಕಿದರಾಯಿತು, ಯಾರಿಗೂ ತಿಳಿಯುವುದಿಲ್ಲ. ಸರ್ವರ್ ನಿಲ್ಲುವುದಿಲ್ಲ, ಸಿಂಧುವಿನ ಕೆಲಸವೂ ಉಳಿದೀತು. ಆದರೆ ನೀಲಕಂಠಸ್ವಾಮಿ ಏನೆನ್ನುತ್ತಾರೆಂದು ಅವಳಿಗೆ ಗೊತ್ತು. ನೋಡಿದಿರಾ, ಗದರಿದ ಮೇಲೆ ಹುಡುಗಿ ಸ್ವಿಚ್ಚಿನ ತಂಟೆಗೆ ಹೋಗಲಿಲ್ಲ, ಎನ್ನುತ್ತಾರೆ. ಆ ಮಾತು ಸಿಂಧುವಿಗೆ ಅಂಟಿಕೊಂಡೇ ಉಳಿಯುತ್ತದೆ.

ನಾಜ್ನೀನ್ ಎದ್ದು ಕಿಟಕಿಯ ತನಕ ಹೋದಳು, ಬಂದಳು, ಮತ್ತೆ ಹೋದಳು. ಆಮೇಲೆ ಹುಡುಗಿಯರೆಲ್ಲ ಕೂತಿದ್ದ ಕೋಣೆಯಲ್ಲೇ ಫೋನು ಎತ್ತಿಕೊಂಡಳು.

“ಸಾರ್, ತಪ್ಪು ನಂದು. ಜೋಡಿ ಒಡೆದು ಹಂಚಿದ್ದು ನಾನು. ಸಿಂಧು ಯಾವ ಸ್ವಿಚ್ಚೂ ಮುಟ್ಟಿಲ್ಲ.”

ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಹೋಗಲಿ, ಸದ್ದಿಲ್ಲದೆ ಬದಲಾಯಿಸಿಬಿಡು, ಹುಡುಗಿಯರ ಮುಂದೆ ಯಾಕೆ ಸಣ್ಣವಳಾಗುತ್ತೀಯ, ಎಂಬುದು ಅದರ ತಾತ್ಪರ್ಯ. ಎಲ್ಲರೂ ಇಲ್ಲೇ ಕೇಳಿಸಿಕೊಳ್ಳುತ್ತಿದ್ದಾರೆ ಸಾರ್, ಎಂದು ಹೇಳಿ ಅವಳು ಫೋನಿಟ್ಟಳು.

ಸಿಂಧು ಅಳುತ್ತಾಳೆ, ಇಲ್ಲವೇ ಕೈ ಹಿಡಿದುಕೊಳ್ಳುತ್ತಾಳೆ ಎಂದು ನಾಜ್ನೀನ್ ಅಂದುಕೊಂಡಿದ್ದಳು. ಸಿಂಧು ಎರಡನ್ನೂ ಮಾಡಲಿಲ್ಲ.

“ಎಂಟು ದಿನ ನನ್ನ ಕಳ್ಳಿ ಮಾಡ್ಬುಟ್ರಿ,” ಎಂದಳು. “ನೀವೂ ಸೇರ್ಕಂಡು.”

“ಹೌದು.”

“ನಾಳೆ ತಂದು ಹಾಕ್ಬುಟ್ಟು ಹಂಗೇ ಓಗ್ಬುಡ್ಬ್ಯಾಡಿ. ಯಾವ್ದು ಯಾವುದ್ರ ಜೋಡಿ, ಎಲ್ಲಿ ಕೂರುಸ್ಬೇಕು, ನಂಗೂ ತೋರ್ಸಿ. ಇನ್ಮ್ಯಾಕೆ ನಾನು ನೋಡ್ದೆ ಆ ಮುಚ್ಳ ಯಾರೂ ತಗ್ಯಂಗಿಲ್ಲ.”

ನಾಜ್ನೀನ್ ಸ್ಕ್ರೂಡ್ರೈವರನ್ನು ಅವಳ ಕಡೆಗೆ ಚಾಚಿದಳು. ಸಿಂಧು ಅದನ್ನು ತೆಗೆದುಕೊಂಡಳು.