ಫೋರ್‌ಮನ್ನರ ಎಡಗಿವಿ

ನಮ್ಮ ಪ್ರೆಸ್ಸಿನ ಫೋರ್‌ಮನ್ನರಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಈ ಗುಟ್ಟು ಗೊತ್ತಿದ್ದವರು ಇಬ್ಬರೇ, ನನ್ನ ಚಿಕ್ಕಮ್ಮ ಮತ್ತು ನಾನು. ಚಿಕ್ಕಮ್ಮ ತೀರಿಕೊಂಡು ಎರಡು ವರ್ಷವಾಯಿತು.

ಕೆಲಸ ನಡೆಯುತ್ತಿದ್ದುದು ಹೀಗೆ. ಮಷೀನಿನಿಂದ ಮೊದಲ ಹಾಳೆ ಬಂದ ಕೂಡಲೇ ಫೋರ್‌ಮನ್ ಅದನ್ನು ದೀಪದ ಕೆಳಗೆ ಹಿಡಿದು ಹುಬ್ಬು ಗಂಟಿಕ್ಕುವರು. ಶಾಯಿ ಕಲಸುವ ಚಿಕ್ಕಮ್ಮ ಅವರ ಎಡಗಡೆ ನಿಂತು, ತುಟಿ ಅಲ್ಲಾಡಿಸದೆ, "ಕೆಂಪು ಜಾಸ್ತಿ ಆಯ್ತಣ್ಣ" ಅನ್ನುವಳು. ಮರುಕ್ಷಣವೇ ಅವರು ಇಡೀ ಪ್ರೆಸ್ಸಿಗೆ ಕೇಳುವಂತೆ, "ಏನ್ರೋ ಇದು, ಕೆಂಪು ಜಾಸ್ತಿ! ಕಣ್ಣು ಎಲ್ಲಿಟ್ಟಿದ್ದೀರಾ?" ಎಂದು ಗುಡುಗುವರು. ಆ ಮಾತು ಕೇಳಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. 'ಸರಿಯಿದೆ' ಎಂಬ ರುಜು ಮಾತ್ರ ಅವರದೇ.

ಇಪ್ಪತ್ತೆರಡು ವರ್ಷ ಇದೇ ನಾಟಕ. "ನೀನ್ಯಾಕೆ ಬಾಯಿ ಬಿಡಲ್ಲ?" ಎಂದು ಕೇಳಿದರೆ, "ಸಂಸಾರಸ್ಥ ಕಣೇ, ಪಾಪ" ಅನ್ನುತ್ತಿದ್ದಳು. ಅವಳ 'ಪಾಪ' ಯಾವಾಗಲೂ ಬೇರೆಯವರಿಗೇ ಮೀಸಲು. ಕೊನೆಗೆ ಶಾಯಿಯ ಮೇಜಿನ ಮುಂದೆಯೇ ಕುಸಿದಳು. ಹೆಲ್ಪರ್ ಆಗಿ ಸೇರಿದವಳು ಹೆಲ್ಪರ್ ಆಗಿಯೇ ಹೋದಳು. ಅವಳ ಏಪ್ರನ್ನು, ಸ್ಟೂಲು, ಜೊತೆಗೆ ಫೋರ್‌ಮನ್ನರ ಎಡಗಿವಿಯೂ ನನ್ನ ಪಾಲಿಗೆ ಬಂದವು.

ಚಿಕ್ಕಮ್ಮ ಮಾತ್ರ ಹೋಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮಷೀನು ನಿಲ್ಲಿಸಿದಾಗ ಪ್ರೆಸ್ಸಿನಲ್ಲಿ ಒಂದು ಥರದ ಮೌನ ಕವಿಯುತ್ತದೆ. ಅಂಥ ಹೊತ್ತಿನಲ್ಲೊಮ್ಮೆ ಹಿಂದಿನಿಂದ, "ನೀಲಿ ಸಾಲ್ದು ಕಣೇ" ಎಂದು ಕೇಳಿಸಿತು. ಚಿಕ್ಕಮ್ಮನದೇ ದನಿ. ತಿರುಗಿದರೆ ಖಾಲಿ ಸ್ಟೂಲು. ಕಲಸಿದ್ದನ್ನು ಬೆರಳಿನಿಂದ ಕಾಗದಕ್ಕೆ ತಟ್ಟಿ ನೋಡಿದೆ, ನೀಲಿ ನಿಜಕ್ಕೂ ಸಾಲದು. ಆಮೇಲಾಮೇಲೆ ದಿನವೂ ಬಂದಳು. ದೆವ್ವಕ್ಕೆ ನಾನು ಅಷ್ಟಾಗಿ ಹೆದರಲಿಲ್ಲ. ಒಂದು ದಿನ ನಾನೂ ಅವಳ ಹಾಗೆ ಇಲ್ಲೇ ಅಂಟಿಕೊಂಡುಬಿಟ್ಟರೆ ಎಂದು ಹೆದರಿದೆ. ರಾತ್ರಿ ಮನೆಗೆ ಹೋದರೂ ಆ ಹೆದರಿಕೆ ಬಿಡುತ್ತಿರಲಿಲ್ಲ.

ಈ ತಿಂಗಳ ಕೊನೆಗೆ ಫೋರ್‌ಮನ್ ನಿವೃತ್ತಿ. ಆ ಜಾಗಕ್ಕೆ ಅವರ ಅಳಿಯ ಬರುತ್ತಾನೆ ಎಂದು ಬೈಂಡಿಂಗಿನ ಹೆಂಗಸರು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಫೋರ್‌ಮನ್ ಟೀಗೆ ಹೋದಾಗೆಲ್ಲ ನಾಲ್ಕು ಬಣ್ಣದ ಮಷೀನು ಓಡಿಸುವವಳು ನಾನೇ. ಅರ್ಜಿ ಬರೆದುಕೊಂಡು ನೇರವಾಗಿ ಯಜಮಾನರ ಕೋಣೆಗೆ ಹೋದೆ.

"ಫೋರ್‌ಮನ್ ಕೆಲಸ ನನಗೆ ಕೊಡಿ, ಸಾರ್."

ಯಜಮಾನರು ಕನ್ನಡಕ ಮೇಲೇರಿಸಿ ಅರ್ಜಿ ಓದಿದರು. "ನೀನು ಒಳ್ಳೆ ಕೆಲಸಗಾರ್ತಿ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಒಂದು ಹಾಳೆನಾದ್ರೂ ಪಾಸ್ ಮಾಡಿದ್ದೀಯಾ? ಎಲ್ಲದರ ಮೇಲೂ ಅವರ ರುಜುನೇ ಇದೆ."

"ರುಜು ಅವರದು. ಕಣ್ಣು ನಮ್ಮದು," ಎಂದು ಎಲ್ಲ ಹೇಳಿಬಿಟ್ಟೆ.

ಯಜಮಾನರು ಫೋರ್‌ಮನ್ನರನ್ನು ಕರೆಸಿದರು. ಮೇಜಿನ ಮೇಲೆ ಒಂದೇ ಪುಸ್ತಕದ ಎರಡು ರಕ್ಷಾಪುಟ ಇಟ್ಟರು. ಒಂದು ಒಪ್ಪಿದ್ದು, ಇನ್ನೊಂದು ಬೆಳಗ್ಗೆ ತಿರಸ್ಕರಿಸಿದ್ದು. "ಇದರಲ್ಲಿ ಸರಿಯಾಗಿರೋದು ಯಾವುದು, ಹೇಳಿ."

ನಾನು ದೂರ, ಬಾಗಿಲ ಹತ್ತಿರ ನಿಂತಿದ್ದೆ. ತುಟಿ ಕಚ್ಚಿ ಹಿಡಿದಿದ್ದೆ. ಫೋರ್‌ಮನ್ ಎರಡನ್ನೂ ಎತ್ತಿಕೊಂಡರು. ಅವರ ತಲೆ ಮೆಲ್ಲನೆ ಎಡಕ್ಕೆ ವಾಲಿತು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನನಗೆ ಅಯ್ಯೋ ಅನಿಸಿತು, ಗೆದ್ದೆ ಎಂದೂ ಅನಿಸಿತು.

ಆಗ ಕೇಳಿಸಿತು. "ಬಲಗೈಲಿರೋದು, ಅಣ್ಣ."

"ಬಲಗೈಲಿರೋದು ಸರಿ, ಸಾರ್," ಎಂದರು ಫೋರ್‌ಮನ್.

ಅದೇ ಸರಿಯಾದದ್ದು. ಯಜಮಾನರು ನನ್ನನ್ನು ನೋಡಿದ ರೀತಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ನನ್ನ ಸಿಟ್ಟು ಅವರ ಮೇಲಿರಲಿಲ್ಲ.

"ಸತ್ತ ಮೇಲೂ ಇವರ ಚಾಕರಿ ಮಾಡ್ತೀಯಲ್ಲ ಚಿಕ್ಕಮ್ಮ!" ಗೋಡೆಯ ಕಡೆ ತಿರುಗಿ ಕಿರುಚಿದೆ. "ನಾನು ನಿನ್ನ ಅಕ್ಕನ ಮಗಳಲ್ವಾ? ಒಂದು ಸಲ ಬಾಯಿ ಮುಚ್ಕೊಂಡು ಇರೋಕಾಗಲ್ವಾ ನಿಂಗೆ?"

ಫೋರ್‌ಮನ್ನರ ಕೈಯಿಂದ ಹಾಳೆಗಳು ಜಾರಿದವು.

"ನಿಂಗೂ ಕೇಳಿಸುತ್ತಾ?" ಎಂದರು.

ಯಜಮಾನರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. "ಏನು ಕೇಳಿಸೋದು? ಯಾರು ಮಾತಾಡಿದ್ದು?"

ಫೋರ್‌ಮನ್ ಕುರ್ಚಿಗೆ ಕುಸಿದರು. "ಇವಳು ಹೇಳಿದ್ದು ನಿಜ, ಸಾರ್. ನಂಗೆ ಬಣ್ಣ ಕಾಣಲ್ಲ. ಯಾವತ್ತೂ ಕಂಡಿಲ್ಲ." ಆಮೇಲೆ ಎಡಗಡೆ ತಿರುಗಿ, ಯಾರಿಗೋ ಕೈಮುಗಿದರು. "ತಪ್ಪಾಯ್ತು, ತಂಗಿ."

"ಅಯ್ಯೋ, ಇರ್ಲಿ ಬಿಡಣ್ಣ," ಎಂದಳು ಚಿಕ್ಕಮ್ಮ.

ಅಷ್ಟು ಸಲೀಸಾಗಿ ಅಂದಳು. ನನಗೆ ದುಃಖ ಒತ್ತರಿಸಿ ಬಂತು. ಫೋರ್‌ಮನ್ನರೂ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಇರಲಿ ಅಂತ ಬಿಡುವುದಕ್ಕೆ ನಾನು ಚಿಕ್ಕಮ್ಮ ಅಲ್ಲ. ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ಅರ್ಜಿಯನ್ನು ಯಜಮಾನರ ಮುಂದಕ್ಕೆ ಸರಿಸಿದೆ.

"ಈಗ್ಲೇ ಬರೆದುಕೊಡಿ, ಸಾರ್. ಅವಳು ನೋಡ್ಲಿ."