ಹಿಂದಿನ ಎರಡು ಟೈರು

ನನ್ನ ಗ್ಯಾರೇಜಿಗೆ ಬರುವವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಗಾಡಿಯ ತಕರಾರು ಹೇಳುತ್ತಾರೆ. ಮಹಾಂತಪ್ಪನ ಸಿಟ್ಟು ದಾಂಡೇಲಿಗೆಲ್ಲ ಗೊತ್ತು. ಇಪ್ಪತ್ತು ವರ್ಷ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ, ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಹಾಗಾಗಿದೆ ಎಂದು ನಾನು ಸಮಜಾಯಿಷಿ ಕೊಡುತ್ತೇನೆ. ಹೆಂಡತಿ ಕಾಶೆವ್ವ ಇದನ್ನು ಒಪ್ಪುವುದಿಲ್ಲ. ಮಿಲ್ಲು ಸೇರುವ ಮೊದಲೂ ನಾನು ಹೀಗೇ ಇದ್ದೆನಂತೆ.

ಎರಡು ಸಾವಿರದ ಆರನೇ ಇಸವಿ, ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಮಾಯಾ ಬಂದು ಕಾರಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟಳು. ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಸಿಸ್ಟರ್ ಅವಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲಿನ ಶಕ್ತಿ ಹೋಗಿದೆ, ಕ್ಲಚ್ ತುಳಿಯಲಾಗದು. ಅದಕ್ಕೇ ಬೆಳಗಾವಿಯಲ್ಲಿರುವ ಅವಳ ಅಣ್ಣ ಹುಡುಕಾಡಿ, ಕ್ಲಚ್ಚೇ ಇಲ್ಲದ ಹಳೆಯ ಆಟೋಮ್ಯಾಟಿಕ್ ಕಾರು ಕೊಡಿಸಿದ್ದ. ಬೇಕಾದಾಗ ನಾಲ್ಕೂ ಚಕ್ರ ಎಳೆಯುವ ಕಾರು. ಜೀಪು ಸಿಕ್ಕಿಕೊಳ್ಳುವ ಕೆಸರಿನ ಏರನ್ನೂ ಹತ್ತುತ್ತಿತ್ತು. ಊರಿನ ಬೇರೆ ಮೆಕ್ಯಾನಿಕ್‌ಗಳು ಅದರ ಬಾನೆಟ್ಟು ಎತ್ತಿ ನೋಡಿ, ಹಾಗೇ ಮುಚ್ಚಿ ಕಳಿಸಿದ್ದರು. ಮುಟ್ಟುತ್ತಿದ್ದವನು ನಾನೊಬ್ಬನೇ.

ಎರಡು ತಿಂಗಳಿಂದ ಆ ಕಾರು ತಿರುವಿನಲ್ಲಿ ಜಗ್ಗುತ್ತಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಅಡಿಯಿಂದ ನರಳಿದ ಸದ್ದು ಬರುತ್ತಿತ್ತು. ನಾನು ಗೇರ್ ಆಯಿಲ್ ಬದಲಿಸಿದೆ, ಹೋಗಲಿಲ್ಲ. ನಿನಗೆ ಓಡಿಸಲು ಬರುವುದಿಲ್ಲ ಎಂದು ಬೈದೆ, ಅದರಿಂದಲೂ ಹೋಗಲಿಲ್ಲ. ಕೊನೆಗೆ ಹಿಂದಿನ ವಾರ, ಗೇರ್‌ಬಾಕ್ಸ್ ಮುಗಿದಿದೆ, ಮಾರಿಬಿಡು ಎಂದಿದ್ದೆ.

"ಗಿರಾಕಿ ಯಾರರ ಇದ್ರ ನೋಡ್ರಿ ಕಾಕಾ" ಎಂದಳು. ಕಾರಿಲ್ಲದೆ ಹಳ್ಳಿ ತಿರುಗಲಾಗದು. ಹಳಿಯಾಳದ ಆಸ್ಪತ್ರೆಯಲ್ಲಿ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರಂತೆ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿ ಸೋಮವಾರ ಕೊಡಬೇಕಂತೆ. ಇಷ್ಟು ಹೇಳಿ ಲಸಿಕೆಯ ಡಬ್ಬಿಯನ್ನು ಕಾರಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಕುಂಟುತ್ತ ನಡೆದಳು. ನನಗೆ ಆ ಹೊತ್ತಿನ ಚಹಾ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಶಟರ್ ಅರ್ಧ ಎಳೆದುಕೊಂಡು ಕಾರಿನ ಅಡಿಗೆ ಹೋದೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದ ಶಾಫ್ಟ್ ಬಿಚ್ಚಿಟ್ಟು, ಬರೀ ಮುಂದಿನ ಚಕ್ರಗಳ ಮೇಲೆ ಓಡಿಸಿ ನೋಡಿದೆ. ಜಗ್ಗಲಿಲ್ಲ. ಎಷ್ಟು ತಿರುಗಿಸಿದರೂ ಬೆಣ್ಣೆಯಂತೆ ತಿರುಗಿತು. ಅಂದರೆ ಗೇರ್‌ಬಾಕ್ಸ್ ಕಲ್ಲಿನಂತೆ ಗಟ್ಟಿಯಾಗಿತ್ತು, ಅದನ್ನು ಮುಗಿಸಿದ್ದು ನನ್ನ ಬಾಯಿ! ಹಿಂದಿನ ಆಕ್ಸಲ್ಲಿನ ಆಯಿಲ್ ಇಳಿಸಿದೆ. ಕಪ್ಪಗೆ, ಸುಟ್ಟ ವಾಸನೆ.

ಈ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಅವು ಜಾರಿ ಹಿಂದಿನವಕ್ಕಿಂತ ಜೋರಾಗಿ ಸುತ್ತಿದಾಗ ಮಾತ್ರ ಹಿಂದಿನವು ಕೈ ಜೋಡಿಸುತ್ತವೆ. ಆಯಿಲ್ ಸುಡಬೇಕಾದರೆ ಅವು ಡಾಂಬರು ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದಿರಬೇಕು. ಯಾಕೆ? ಚಾಕ್‌ಪೀಸಿನಿಂದ ಟೈರಿಗೊಂದು ಗೆರೆ, ನೆಲಕ್ಕೊಂದು ಗೆರೆ ಎಳೆದು, ಒಂದೊಂದು ಟೈರೂ ಪೂರ್ತಿ ಒಂದು ಸುತ್ತು ಬರುವಷ್ಟು ಕಾರನ್ನು ತಳ್ಳಿ ಟೇಪು ಹಿಡಿದೆ. ಒಂದು ಸುತ್ತಿಗೆ ಹಿಂದಿನ ಟೈರು ಮುಂದಿನದಕ್ಕಿಂತ ಒಂದೂವರೆ ಇಂಚು ಹೆಚ್ಚು ದೂರ ಹೋಗಿತ್ತು.

ಅಲ್ಲೇ ನೆಲದ ಮೇಲೆ ಕೂತೆ. ಎರಡು ತಿಂಗಳ ಹಿಂದೆ ಹಿಂದಕ್ಕೆ ಎರಡು ಹೊಸ ಟೈರು ಹಾಕಿ, ಮುಂದಿನವು ಸವೆದಿದ್ದರೂ ಇನ್ನೊಂದು ಮಳೆಗಾಲ ಬರುತ್ತವೆ ಎಂದವನು ನಾನೇ. ನಮ್ಮ ಜೀಪುಗಳನ್ನು ತಳ್ಳುವುದು ಹಿಂದಿನ ಚಕ್ರ, ಹೊಸ ಟೈರು ಹಿಂದಕ್ಕೇ ಹಾಕಿ ಕೈಗೆ ರೂಢಿ. ಇಲ್ಲಿ ಮುಂದಿನವು ಸವೆದು ಸಣ್ಣವಾದ್ದರಿಂದ ಹೆಚ್ಚು ಸುತ್ತುತ್ತಿದ್ದವು, ಕಾರು ಅದನ್ನು ಕೆಸರಿನ ಜಾರಿಕೆ ಎಂದೇ ತಿಳಿದು ಹಿಂದಿನವನ್ನೂ ಸದಾ ದುಡಿಸುತ್ತ, ತಿರುವಿನಲ್ಲಿ ಜಗ್ಗುತ್ತಿತ್ತು. ಮಿಲ್ಲಿನಲ್ಲಿ ಎರಡು ರೋಲುಗಳ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಾಗದ ಹರಿಯುತ್ತಿತ್ತು. ಇಪ್ಪತ್ತು ವರ್ಷ ಅದನ್ನೇ ಅಳೆದವನು ನಾನು. ನನಗೇ ನಾಚಿಕೆಯಾಯಿತು.

ಹಳಿಯಾಳದ ಟೈರಿನ ಅಂಗಡಿಯವನನ್ನು ಮನೆಯಿಂದ ಎಬ್ಬಿಸಿ ಅಂಗಡಿ ತೆಗೆಸಿ, ಅದೇ ಅಳತೆಯ ಎರಡು ಟೈರು ತಂದು ಮುಂದಕ್ಕೆ ಹಾಕಿದೆ. ಆಕ್ಸಲ್ಲಿಗೆ ಹೊಸ ಆಯಿಲ್ ತುಂಬಿ ಶಾಫ್ಟ್ ಕೂರಿಸಿದೆ.

ಸೋಮವಾರ ಬೆಳಿಗ್ಗೆ ಮಾಯಾಳನ್ನು ಕರೆಸಿ, ಮೌಳಂಗಿ ರಸ್ತೆಯ ಬಯಲಿಗೆ ಕರೆದೊಯ್ದು ಅವಳ ಕೈಗೇ ಕಾರು ಕೊಟ್ಟೆ. ಅವಳು ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಸದ್ದಿಲ್ಲ. ಸಾಕು ಎಂದರೂ ನಿಲ್ಲಿಸಲಿಲ್ಲ.

ನಿಲ್ಲಿಸಿದ ಮೇಲೆ ಹೇಳಿದೆ: "ತಪ್ಪು ನಂದವ್ವ. ಹೊಸಾ ಟೈರ ಹಿಂದ ಹಾಕಿ ನಾನ ಕೆಡಿಸಿದ್ದೆ."

"ಟೈರ ಹಾಕಿಸಿಕೊಂಡು ಹೋದ ದಿನಾನ ಉಳವಿ ತಿರುವಿನ್ಯಾಗ ಜಗ್ಗಿತ್ರೀ ಕಾಕಾ."

"ಮತ್ತ ಅವತ್ತಿಂದನ ಅಂತ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ನೀವು ಒದರಿದ್ರಿ. ಮತ್ತ ಹೇಳಿದ್ರ ಗಾಡಿ ಮುಟ್ಟೂದ ಬಿಡ್ತೀರೇನೋ ಅಂತ ಅಂಜಿಕಿ ಬಂತು. ನೀವು ಬಿಟ್ರ ಇದನ್ನ ಯಾರು ಮುಟ್ತಾರ್ರಿ?"

ಅವಳು ತಿಂಗಳುಗಟ್ಟಲೆ ಹೊತ್ತು ತಿರುಗಿದ್ದು ನನ್ನ ಟೈರಿನ ತಪ್ಪನ್ನಷ್ಟೇ ಅಲ್ಲ, ನನ್ನ ಬಾಯಿಯ ಹೆದರಿಕೆಯನ್ನೂ. ಗಾಡಿಯಲ್ಲಿ ಇನ್ನೇನಾದರೂ ತಕರಾರಿದ್ದರೆ ಈಗಲೇ ಹೇಳು, ಒದರುವುದಿಲ್ಲ ಎಂದೆ.

ಎಲ್ಲರ ಹಾಗೆ ಅವಳೂ ಮೊದಲು ನನ್ನ ಮುಖ ನೋಡಿದಳು.

"ಎಡಗಡೆ ಬಾಗಲಾ ನೀವು ರಿಪೇರಿ ಮಾಡಿದ ಮ್ಯಾಲೆ ಮಳಿ ನೀರು ಒಳಗ ಬರತೈತ್ರಿ. ಡಬ್ಬಿ ತೊಯ್ತೈತಿ."

ಕೂಗು ಗಂಟಲಿನವರೆಗೂ ಬಂದಿತ್ತು, ನುಂಗಿಕೊಂಡೆ. ಬಾಗಿಲು ತೆಗೆದು ನೋಡಿದರೆ ರಬ್ಬರು ಉಲ್ಟಾ ಕೂತಿತ್ತು. ಮಧ್ಯಾಹ್ನದೊಳಗೆ ಸರಿಮಾಡುತ್ತೇನೆ ಎಂದೆ. ಅಷ್ಟು ಹೊತ್ತು ಕಾಯಲಾಗದು, ಹಳ್ಳಿಯಲ್ಲಿ ತಾಯಂದಿರು ಮಕ್ಕಳನ್ನೆತ್ತಿಕೊಂಡು ಕೂತಿರುತ್ತಾರೆ ಎಂದಳು. ಚೀಲದಿಂದ, ಹಳಿಯಾಳದ ಕೆಲಸಕ್ಕೆಂದು ಸಹಿ ಮಾಡಿದ್ದ ಆ ಒಪ್ಪಿಗೆಯ ಕಾಗದ ತೆಗೆದಳು. ಅದನ್ನು ನಾಲ್ಕು ಮಡಿಕೆ ಮಾಡಿ, ನೀರು ಬರುವ ಸಂದಿಗೆ ಒತ್ತಿ ತುರುಕಿ ಬಾಗಿಲು ಹಾಕಿದಳು.

"ಇವತ್ತಿಗೆ ಇದು ಸಾಕ್ರಿ" ಎಂದು ಜೋಯಿಡಾ ರಸ್ತೆಗೆ ಕಾರು ತಿರುಗಿಸಿದಳು.