ಹನ್ನೆರಡು ಕೈಗಳ ಗೋಡೆ

ನನ್ನ ತಂಗಿ ಚಿತ್ರ ಬರೆಯುವವಳು. ಮುಚ್ಚಿಹೋದ ಟಾಕೀಸುಗಳಿಂದ ಹಳೆಯ ಸಿನಿಮಾ ರೀಲುಗಳನ್ನು ತಂದು ಕೂಡಿಡುವುದು ಅವಳ ಹುಚ್ಚು. ಮಂಚದ ಕೆಳಗೆ ಡಬ್ಬಿ, ಬೀರುವಿನ ಮೇಲೆ ಡಬ್ಬಿ. ಮುಚ್ಚಳ ತೆಗೆದರೆ ಹುಳಿ ವಾಸನೆ. ನೋಡಲು ಯಂತ್ರವಿಲ್ಲ. ಫಿಲ್ಮನ್ನು ಕಿಟಕಿಯ ಗಾಜಿಗೆ ಅಂಟಿಸಿ, ಭೂತಗನ್ನಡಿ ಹಿಡಿದು ಒಂದೊಂದೇ ಚೌಕ ನೋಡುತ್ತಾಳೆ.

ಹೊಲಿಗೆ ಕಾರ್ಖಾನೆಯ ಉದ್ದನೆಯ ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಾಗ ಆ ಹುಚ್ಚೇ ಕೈಹಿಡಿಯಿತು. ಒಂದು ರೀಲಿನಲ್ಲಿ ಹೆಂಗಸೊಬ್ಬಳು ಸೂಜಿಗೆ ದಾರ ಪೋಣಿಸುತ್ತಾಳೆ. ಹತ್ತು ಚೌಕಕ್ಕೊಂದರಂತೆ ಹನ್ನೆರಡನ್ನು ಆರಿಸಿ, ಬರೀ ಕೈಗಳನ್ನು ಆಳೆತ್ತರಕ್ಕೆ ಸಾಲಾಗಿ ಬರೆದಳು. ಬಾಗಿಲಿನಿಂದ ಒಳಕ್ಕೆ ನಡೆದರೆ ಕೈ ಆಡಿದಂತೆ ಕಾಣಬೇಕು.

ಇನ್ನೇನು ಮುಗಿಯಿತೆನ್ನುವಾಗ ಹಿರಿಯ ದರ್ಜಿಯಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನಮ್ಮಾ, ಇವಳು ಎಡಚೀನಾ?"

ತಂಗಿ ಫಿಲ್ಮು ತೆಗೆದು ಬೆಳಕಿಗೆ ಹಿಡಿದಳು. ಫಿಲ್ಮಿಗೆ ಹೊಳಪಿನ ಮೈ ಒಂದು, ಮಂಕು ಮೈ ಒಂದು. ಅವಸರದಲ್ಲಿ ತಿರುಗುಮುರುಗಾಗಿ ಅಂಟಿಸಿದ್ದಳು. ಹನ್ನೆರಡೂ ಚಿತ್ರ ಎಡಬಲ ಅದಲುಬದಲು.

"ಇರ್ಲಿ ಬಿಡಿ. ಸೋಮವಾರಕ್ಕೆ ಗೋಡೆ ತಯಾರಿಲ್ದಿದ್ರೆ ಅದರ ಮೇಲೆ ಫ್ಲೆಕ್ಸ್ ಹೊಡಿಸ್ತೀನಿ, ಅಷ್ಟೆ" ಎಂದರು ಕಾರ್ಖಾನೆಯ ಮಾಲೀಕರು.

"ಬಿಡೇ, ಎಡಚೀರು ಹೊಲಿಯಲ್ವಾ?" ಎಂದೆ ನಾನೂ.

"ಹೊಲೀತಾರೆ ಅಕ್ಕ. ಆದ್ರೆ ಇವಳು ಎಡಚಿ ಅಲ್ವಲ್ಲ. ಅವಳ ಕೈನ ನಾನ್ಯಾಕೆ ತಿರುಚ್ಲಿ?"

ಬಿಳಿ ಬಣ್ಣದ ಬಕೆಟ್ಟು ತಂದು ಹನ್ನೆರಡರ ಮೇಲೂ ಬಳಿದುಬಿಟ್ಟಳು. ಉಳಿದದ್ದು ಮೂರೇ ದಿನ.

ನಾನು ಕಾರ್ಖಾನೆಯ ಕಿಟಕಿಗೆ ಫಿಲ್ಮು ಹಿಡಿದು ನಿಂತೆ. "ಹೆಬ್ಬೆರಳು ಮರೆಯಾಗಿದೆ, ತೋರುಬೆರಳು ಸ್ವಲ್ಪ ಬಾಗಿದೆ" ಎಂದು ಒದರುತ್ತಿದ್ದೆ, ಅವಳು ಬರೆಯುತ್ತಿದ್ದಳು. ಎರಡನೆಯ ದಿನ ಅವಳ ಮಣಿಕಟ್ಟು ಊದಿಕೊಂಡಿತು. ಬಟ್ಟೆ ಸುತ್ತಿಕೊಂಡಳು.

"ಎಂಟಕ್ಕೇ ನಿಲ್ಸೇ, ಮಾರಾಯ್ತಿ!"

"ಎಂಟಕ್ಕೆ ನಿಂತ್ರೆ ದಾರ ಸೂಜಿ ಮುಟ್ಟೋದೇ ಇಲ್ಲ. ನೀನು ಒಂಬತ್ತನೇದು ಹೇಳು."

ಸೋಮವಾರ ಬೆಳಿಗ್ಗೆ ಹನ್ನೆರಡನೆಯದರ ಉಗುರಿಗೆ ಇನ್ನೂ ಹಸಿ ಬಣ್ಣ. ದರ್ಜಿಯಮ್ಮ ಗೋಡೆಯುದ್ದಕ್ಕೂ ನಡೆದರು. ಕೊನೆಗೆ ಬರುವಷ್ಟರಲ್ಲಿ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ತಾವಾಗಿಯೇ ಕೂಡಿಕೊಂಡಿದ್ದವು.

"ಹ್ಞೂಂ, ಹೋಯ್ತು ದಾರ ಒಳಗೆ."

ಇನ್ನೊಬ್ಬಾಕೆ ಬಾಗಿಲ ಕಡೆಗೆ ವಾಪಸು ನಡೆದು ಕಿಸಕ್ಕೆಂದಳು. "ಅಯ್ಯೋ, ಸಂಜೆ ಮನೆಗೆ ಹೋಗುವಾಗ ದಾರ ಆಚೆ ಬಂದ್ಬಿಡುತ್ತಲ್ರೇ!"

"ಬರ್ಲಿ ಬಿಡೇ, ಬೆಳಿಗ್ಗೆ ಪೋಣಿಸೋದು ಇದ್ದದ್ದೇ" ಎಂದರು ದರ್ಜಿಯಮ್ಮ.

ಮಾಲೀಕರು ಹನ್ನೆರಡನೆಯ ಚಿತ್ರಕ್ಕೆ ಅಡ್ಡವಾಗಿದ್ದ ಬೆಂಚನ್ನು ತಾವೇ ಎಳೆದು ಆಚೆಗಿಟ್ಟರು.